ಮಾರಿದ್ರ ಎಷ್ಟು ಬರ್ತೈತಿ?

ನಮ್ಮ ಇಂದೂರಿನಲ್ಲಿ ಯಾರಾದರೂ ಏನಾದರೂ ಕೊಂಡು ತಂದರೆ ಕೇಳುವ ಮೊದಲ ಪ್ರಶ್ನೆ, "ಎಷ್ಟು ಕೊಟ್ಟಿ?" ಎರಡನೆಯದು, "ಮಾರಿದ್ರ ಎಷ್ಟು ಬರ್ತೈತಿ?" ಮೂರನೆಯದು, "ಚಲೋ ಐತೇನು?" ಈ ಮೂರನೆಯದಕ್ಕೆ ನಾವು ಉತ್ತರ ಕೊಡುವಷ್ಟರಲ್ಲಿ ಕೇಳಿದವನು ಮುಂಡಗೋಡದ ಬಸ್ಸು ಹತ್ತಿ ಆಗಿರುತ್ತದೆ!

ಬೈಕು ತಂದರೂ ಇದೇ ಪ್ರಶ್ನೆ, ಎತ್ತು ತಂದರೂ ಇದೇ ಪ್ರಶ್ನೆ, ಮೊಬೈಲು ತಂದರೂ ಇದೇ ಪ್ರಶ್ನೆ. ನಗಬೇಡಿ ಮಿತ್ರರೇ. ಪೂರಾ ಮಲೆನಾಡೂ ಅಲ್ಲದ, ಪೂರಾ ಬಯಲುಸೀಮೆಯೂ ಅಲ್ಲದ ಊರು ನಮ್ಮದು. ಭತ್ತ, ಗೋವಿನಜೋಳ ನಂಬಿದವರು. ಮಳೆ ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಕೈ ಕಟ್ಟಿದ ದಿನ ಮನೆಯೊಳಗೆ ಮಾರಲು ಏನಿದೆ ಎಂದು ನೋಡುವ ಜನಕ್ಕೆ ಪ್ರತಿಯೊಂದು ಸಾಮಾನೂ ಒಂದು ಸಣ್ಣ ಬ್ಯಾಂಕೇ. ಅದರಲ್ಲಿ ತಪ್ಪೇನೂ ಇಲ್ಲ.

ಆದರೆ ಹಾಡು ಕೇಳುವ ಸಾಮಾನಿಗೂ ಇದೇ ಲೆಕ್ಕ ಹಾಕಬಹುದೇ? ಈ ಪ್ರಶ್ನೆಗೆ ನಮ್ಮ ಮನೆತನ ಎರಡು ತಲೆಮಾರು ಫೀಸು ಕಟ್ಟಿದೆ. ಅದರ ಕಥೆ ಹೇಳುತ್ತೇನೆ, ಕೇಳಿ.

ದೊಡ್ಡಪ್ಪನ ಸೆಟ್ಟು

1988ನೇ ಇಸವಿ. ಅದರ ಹಿಂದಿನ ವರ್ಷ, 1987ರಲ್ಲಿ, 'ಪ್ರೇಮಲೋಕ' ಬಂದಿತ್ತು. ಹಂಸಲೇಖರ ಹಾಡುಗಳು ಲಹರಿ ಕ್ಯಾಸೆಟ್ಟಿನಲ್ಲಿ ಚಹಾದಂಗಡಿಗೂ ಬಂದವು, ಟೆಂಪೋಗೂ ಬಂದವು, ಮದುವೆ ಚಪ್ಪರಕ್ಕೂ ಬಂದವು. ನಾನಿನ್ನೂ ಹುಟ್ಟಿರಲಿಲ್ಲ ಬಿಡಿ, ಇದೆಲ್ಲ ಕೇಳಿದ ಮಾತು. ಊರ ಹುಡುಗರೆಲ್ಲ ರವಿಚಂದ್ರನ್ ಹುಚ್ಚಿನಲ್ಲಿದ್ದಾಗ ನಮ್ಮ ದೊಡ್ಡಪ್ಪನದು ಬೇರೆಯೇ ಹುಚ್ಚು. ಅವರು ಅಣ್ಣಾವ್ರ ಭಕ್ತ. ಅದರಲ್ಲೂ ಹಳೆಯ ಅಣ್ಣಾವ್ರು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರಲ್ಲ, ದೊಡ್ಡಪ್ಪನಿಗೆ ಅದಕ್ಕೂ ಮುಂಚಿನ ಪಿ.ಬಿ. ಶ್ರೀನಿವಾಸ್ ಕಾಲವೇ ಬೇಕು.

"ಅಣ್ಣಾವ್ರು ಹಾಡಿದ್ದೂ ಚಲೋನ ತಮ್ಮಾ. ಆದ್ರ ಪಿ.ಬಿ. ಹಾಡಿದಾಗ ಕಣ್ಣ ಮುಚ್ಚಿದ್ರೂ ಅಣ್ಣಾವ್ರ ಮುಖಾನ ಕಾಣ್ತಿತ್ತು" ಎನ್ನುತ್ತಿದ್ದರು.

ಅಲ್ಲಿಯವರೆಗೆ ಧಾರವಾಡ ಆಕಾಶವಾಣಿಯವರು ಹಾಕಿದಾಗ ಕೇಳಬೇಕು, ಹಾಕದಿದ್ದರೆ ಸುಮ್ಮನಿರಬೇಕು. ಕ್ಯಾಸೆಟ್ಟು ಬಂದ ಮೇಲೆ ಕೇಳುವವನೇ ಯಜಮಾನ. ದೊಡ್ಡಪ್ಪ ಒಂದು ಹೋರಿ ಮಾರಿ, ಹುಬ್ಬಳ್ಳಿಗೆ ಹೋಗಿ, 1,800 ರೂಪಾಯಿ ಕೊಟ್ಟು ಟೂ-ಇನ್-ಒನ್ ತಂದರು. ಜೊತೆಗೆ ಆರು ಕ್ಯಾಸೆಟ್ಟು. ಮೊದಲನೆಯದು 'ಕಸ್ತೂರಿ ನಿವಾಸ'.

ತಂದ ದಿನವೇ ಶುರುವಾಯಿತು ನೋಡಿ ಕಾಯಿಲೆ. ಅಂಗಡಿಯವನು ಬಾಯಿ ತಪ್ಪಿ ಒಂದು ಮಾತು ಹೇಳಿದ್ದನಂತೆ: "ಚಂದಾಗಿ ಇಟಗೊಂಡ್ರ ಯಾವಾಗ ಬೇಕಾದ್ರೂ ರೊಕ್ಕ ಬರ್ತೈತ್ರಿ." ಮುಗಿಯಿತು! ಡಯಲ್ ಮೇಲಿನ ಪ್ಲಾಸ್ಟಿಕ್ ಹಾಳೆ ತೆಗೆಯಲಿಲ್ಲ. ಥರ್ಮಾಕೋಲ್ ಸಮೇತ ಡಬ್ಬಿ ಅಟ್ಟ ಸೇರಿತು. ದೊಡ್ಡವ್ವ ಹೂವು-ಬಳ್ಳಿಯ ಕಸೂತಿ ಹಾಕಿ ಒಂದು ಹೊದಿಕೆ ಹೊಲಿದಳು. ಯುಗಾದಿ, ದೀಪಾವಳಿ, ಮತ್ತೆ ಯಾರಾದರೂ ಬೀಗರು ಬಂದರೆ... ವರ್ಷಕ್ಕೆ ಮೂರು ಸಲ ಹೊದಿಕೆ ಏಳುತ್ತಿತ್ತು. ಉಳಿದ ದಿನ ಯಾರಾದರೂ ಹತ್ತಿರ ಹೋದರೆ, "ಹೆಡ್ ಸವೀತೈತಿ! ಬೆಲ್ಟ್ ಹಿಗ್ಗತೈತಿ!" ಎಂದು ಕೂಗು.

ನಾನು ಹುಟ್ಟಿ ಬುದ್ಧಿ ಬಂದ ಮೇಲೂ ಆ ಸೆಟ್ಟನ್ನು ನೋಡಿದ್ದಕ್ಕಿಂತ ಆ ಹೊದಿಕೆಯನ್ನು ನೋಡಿದ್ದೇ ಹೆಚ್ಚು.

2012ರಲ್ಲಿ ಅಕ್ಕನ, ಅಂದರೆ ದೊಡ್ಡಪ್ಪನ ಮಗಳ, ಮದುವೆ ಗೊತ್ತಾಯಿತು. ನಾಲ್ಕೂ ಕಡೆಯಿಂದ ರೊಕ್ಕ ಕೂಡಿಸುವ ಕಾಲ. ಹಳೆಯ ಸೆಟ್ಟುಗಳಿಗೆ ಈಗ ಬಹಳ ಬೆಲೆ ಎಂದು ಯಾರೋ ಹೇಳಿದರು. ದೊಡ್ಡಪ್ಪನ ಮುಖ ಅರಳಿತು. ಇಪ್ಪತ್ನಾಲ್ಕು ವರ್ಷ ಕಾಪಾಡಿದ ಸಾಮಾನು! ಅಟ್ಟದಿಂದ ಡಬ್ಬಿ ಇಳಿಯಿತು. ಹದಿನೈದು ವರ್ಷದ ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿ ಬಸ್ಸಿನಲ್ಲಿ ಕೂತೆ.

ರಿಪೇರಿ ಅಂಗಡಿಯವರು ಡಬ್ಬಿ ನೋಡಿ ಮೆಚ್ಚಿದರು. ಪ್ಲಾಸ್ಟಿಕ್ ಹಾಳೆ ನೋಡಿ ನಕ್ಕರು. ಸ್ಕ್ರೂ ಬಿಚ್ಚಿ ಒಳಗೆ ನೋಡಿ ಸುಮ್ಮನಾದರು. ರಬ್ಬರ್ ಬೆಲ್ಟು ಕರಗಿ ಕಾಕಂಬಿಯ ಹಾಗೆ ಕರ್ರಗೆ ಗಾಲಿಗೆ ಮೆತ್ತಿಕೊಂಡಿತ್ತು. ಟೇಪನ್ನು ಒತ್ತಿ ಎಳೆಯುವ ರಬ್ಬರ್ ಉರುಳೆ ಕಲ್ಲಾಗಿತ್ತು. ಕ್ಯಾಸೆಟ್ಟುಗಳ ಟೇಪಿನ ಮೇಲೆ ನಮ್ಮ ಕಡೆಯ ಮಳೆಗಾಲದ ಬಿಳೀ ಬೂಷ್ಟು.

"ಯಜಮಾನ್ರ, ಇದನ್ನ ದಿನಾ ಹಚ್ಚಿದ್ರೂ ರಬ್ಬರ್ ಹಿಂಗ ಆಗ್ತಿತ್ತು. ಹಚ್ಚದಿದ್ರೂ ಹಿಂಗ ಆಗೈತಿ. ಗುಜರಿ ಲೆಕ್ಕದಾಗ ಇನ್ನೂರು ಕೊಡ್ತೀನಿ" ಎಂದರು.

ದೊಡ್ಡಪ್ಪ ಕೊಡಲಿಲ್ಲ. ವಾಪಸ್ ಬಸ್ಸಿನಲ್ಲಿ ತಡಸ ದಾಟುವ ತನಕ ಮಾತೂ ಆಡಲಿಲ್ಲ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು: "ಇಪ್ಪತ್ನಾಲ್ಕು ವರ್ಷ ಕಾಯ್ದೆನಲ್ಲೋ ತಮ್ಮಾ... ಯಾರ ಸಲುವಾಗಿ ಕಾಯ್ದೆ?"

ನನ್ನ ಹತ್ತಿರ ಉತ್ತರವಿರಲಿಲ್ಲ.

ನನ್ನ ಸರದಿ

2019ಕ್ಕೆ ಬರೋಣ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟು, ಪೇಪರುಗಳಿಗೆ ಸಿನಿಮಾ ಲೇಖನ ಬರೆದು ಬದುಕುವ ಧೈರ್ಯ ಮಾಡಿದ್ದೆ. ಈ ಧಂದೆಯ ಸಂಭಾವನೆ ಹೇಗೆಂದರೆ, ಚಿತ್ರದ ಬಗ್ಗೆ ಬರೆದ ದುಡ್ಡು ಬರುವಷ್ಟರಲ್ಲಿ ಚಿತ್ರ ಥಿಯೇಟರಿನಿಂದ ಹೋಗಿ, ಅದರ ನಾಯಕನ ಮುಂದಿನ ಚಿತ್ರವೂ ಬಂದಿರುತ್ತದೆ! ಹಾಗೂ ಹೀಗೂ 14,000 ರೂಪಾಯಿ ಕೂಡಿಸಿ, ಗೆಳೆಯನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೊರಟೆ. ಹಾಡಿನ ಬಗ್ಗೆ ಬರೆಯುವವನು ಹಾಡನ್ನು ಮೊಬೈಲಿನ ತೂತಿನಿಂದ ಕೇಳಿದರೆ ಹೇಗೆ ಎಂಬುದು ನೆಪ. ಆಸೆಗೆ ನೆಪ ಬೇಕಲ್ಲ?

ಅಲ್ಲಿ ಎರಡು ದಾರಿ ಎದುರಾದವು. ಒಂದು ಕಡೆ ಹೊಚ್ಚ ಹೊಸ ಬ್ಲೂಟೂತ್ ಸ್ಪೀಕರು. ಎಲ್ಲರಿಗೂ ಗೊತ್ತಿರುವ ಹೆಸರು, ಡಬ್ಬಿ, ಬಿಲ್ಲು, ವಾರಂಟಿ. ಬೆಲೆ 13,000. ಇನ್ನೊಂದು ಕಡೆ ಹಳೆಯ ಸ್ಟೀರಿಯೋ ಆಂಪ್ಲಿಫೈಯರು, ಜೊತೆಗೆ ಎರಡು ಕಟ್ಟಿಗೆಯ ಸ್ಪೀಕರ್ ಪೆಟ್ಟಿಗೆ. ದೇಶೀ ಮಾಲು. ಒಂದು ತಿರುಪು ಕಳೆದುಹೋಗಿತ್ತು. ಎತ್ತಿದರೆ ಅಕ್ಕಿ ಚೀಲ ಎತ್ತಿದ ಹಾಗೆ, ಒಳಗೆ ಅಷ್ಟು ದೊಡ್ಡ ಟ್ರಾನ್ಸ್‌ಫಾರ್ಮರು. ಡಬ್ಬಿ ಇಲ್ಲ, ಬಿಲ್ಲು ಇಲ್ಲ. ಬೆಲೆ 11,500.

ಗೆಳೆಯ ಕಿವಿಯಲ್ಲಿ ಹೇಳಿದ: "ಲೇ, ಹೊಸಾದ್ ತಗೋ. ನಾಳೆ ಮಾರಾಕ ಬರ್ತೈತಿ. ಆ ಹಳೇ ಪೆಟಗಿ ಯಾರ್ ತಗೋತಾರ?"

ಮಾತು ಸರಿಯಾಗಿತ್ತು. ನಾನೂ ತಲೆಯಾಡಿಸಿದ್ದೆ. ಅಷ್ಟರಲ್ಲಿ ಅಂಗಡಿಯವರು ನನ್ನ ಫೋನಿಗೆ ವೈರು ಹಚ್ಚಿ, "ನಿಮಗ ಗೊತ್ತಿರೋ ಹಾಡು ಹಾಕ್ರಿ" ಎಂದರು. ನಾನು ಹಾಕಿದ್ದು ದೊಡ್ಡಪ್ಪನ ಹಾಡು, 1971ರ 'ಕಸ್ತೂರಿ ನಿವಾಸ'ದ್ದು. ಜಿ.ಕೆ. ವೆಂಕಟೇಶ್ ಸಂಗೀತ, ಪಿ.ಬಿ. ಶ್ರೀನಿವಾಸ್ ದನಿ.

ಆ ಕಾಲದ ನಮ್ಮ ಹಾಡುಗಳ ಮುದ್ರಣ ಒಂದೇ ಚಾನೆಲ್ಲಿನದು. ಎರಡೂ ಸ್ಪೀಕರಿಗೆ ಒಂದೇ ದನಿ ಹೋಗುತ್ತದೆ. ಎರಡೂ ಸಮ ಇದ್ದರೆ ದನಿ ಎಡದಿಂದಲೂ ಬರುವುದಿಲ್ಲ, ಬಲದಿಂದಲೂ ಬರುವುದಿಲ್ಲ. ನಟ್ಟನಡುವೆ, ಏನೂ ಇಲ್ಲದ ಗೋಡೆಯ ಮುಂದೆ, ಮನುಷ್ಯ ನಿಂತ ಹಾಗೆ ನಿಲ್ಲುತ್ತದೆ. ಅಂದು ಆ ಅಂಗಡಿಯಲ್ಲಿ ಪಿ.ಬಿ. ಶ್ರೀನಿವಾಸ್ ನಿಂತಿದ್ದರು. ಉಸಿರು ತೆಗೆದುಕೊಂಡದ್ದೂ ಕೇಳಿತು.

11,500 ಎಣಿಸಿ ಕೊಟ್ಟೆ. ಗೆಳೆಯ ಹೊಸ ಸ್ಪೀಕರನ್ನು ತಾನೇ ಕೊಂಡ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ನನ್ನ ಪೆಟ್ಟಿಗೆಗಳಿಗೆ ಕಂಡಕ್ಟರು ಲಗೇಜು ಹಾಕಿದ!

ಮರುದಿನ ಸಂಜೆ ದೊಡ್ಡಪ್ಪ ಬಂದರು, ಕಂಕುಳಲ್ಲಿ ಅದೇ ಕಸೂತಿ ಹೊದಿಕೆ! ನನಗೆ ಎದೆ ಧಸಕ್ಕೆಂದಿತು. "ಬ್ಯಾಡ ದೊಡ್ಡಪ್ಪ, ಇದಕ್ಕ ಹೊದಿಕಿ ಹಾಕಂಗಿಲ್ಲ" ಎಂದೆ.

"ಹಾಕಾಕ ಯಾರ್ ತಂದಾರ? ದೂಳು ಒರಸಾಕ ತಂದೀನಿ" ಎಂದು ತಾವೇ ಒರೆಸಿ, ಹೊದಿಕೆಯನ್ನು ಮೊಳೆಗೆ ನೇತುಹಾಕಿ, ಕೂತರು. ಹಾಡು ಹಚ್ಚಿದೆ. ಅವರು ಮೊದಲು ಎಡ ಸ್ಪೀಕರು ನೋಡಿದರು, ಆಮೇಲೆ ಬಲ. ಕೊನೆಗೆ ನಡುವಿನ ಖಾಲಿ ಗೋಡೆಯನ್ನೇ ನೋಡುತ್ತ ಕೂತುಬಿಟ್ಟರು. ಅಂದಿನಿಂದ ಏಳು ಗಂಟೆಯಾದರೆ ಅವರ ಚಪ್ಪಲಿ ನಮ್ಮ ಬಾಗಿಲಲ್ಲಿ. ಕರೆಂಟು ಹೋದ ದಿನವೂ ಬಂದು, ಬರುತ್ತದೇನೋ ಎಂದು ಕತ್ತಲಲ್ಲಿ ಕಾಯುತ್ತಿದ್ದರು. ಹಳೆಯದರ ನಡುವೆ ನಾನು ಹಟದಿಂದ 'ಪ್ರೇಮಲೋಕ'ವನ್ನೂ ಹಾಕಿದೆ. "ಅಡ್ಡಿ ಇಲ್ಲ, ಹುಡುಗ್ರದ್ದು" ಎಂದು ಕಾಲಲ್ಲಿ ತಾಳ ಹಾಕಿದರು!

ಈಗ ಲೆಕ್ಕ

2023ರಲ್ಲಿ ಅವ್ವನಿಗೆ ಪಿತ್ತಕೋಶದ ಆಪರೇಶನ್ ಆಗಬೇಕಾಯಿತು. ರೊಕ್ಕ ಸಾಲಲಿಲ್ಲ. ಸೆಟ್ಟು ಮಾರಲು ಹೊರಟೆ. ಯಾರು ತಗೋತಾರೆ ಎಂದಿದ್ದನಲ್ಲ ಗೆಳೆಯ? ಒಂದೇ ವಾರದಲ್ಲಿ ಗಿರಾಕಿ ಸಿಕ್ಕ. 6,000 ರೂಪಾಯಿಗೆ ಮಾತಾಯಿತು. ಹಾಗಾಗಿ ರೀಸೇಲ್ ಎಂದರೆ ಮೂಗು ಮುರಿಯುವವರ ಪೈಕಿ ನಾನಲ್ಲ. ಅಂದು ಆ ಆರು ಸಾವಿರ ಅವ್ವನ ಔಷಧಕ್ಕೆ ಆಗಿದೆ.

ಆದರೆ ಲೆಕ್ಕವನ್ನು ಪೂರಾ ಹಾಕೋಣ. ಕೊಂಡದ್ದು 11,500. ನಡುವೆ ಸ್ಪೀಕರಿನ ಅಂಚಿನ ಫೋಮು ಪುಡಿಯಾಗಿ, ವಾಲ್ಯೂಮ್ ತಿರುವಿದರೆ ಗರಗರ ಎಂದು, ರಿಪೇರಿಗೆ 1,200. ಮಾರಿದ್ದು 6,000. ಕೈಬಿಟ್ಟದ್ದು 6,700. ನಾಲ್ಕು ವರ್ಷದಲ್ಲಿ, ಕರೆಂಟು ಇಲ್ಲದ ದಿನ, ಊರಲ್ಲಿ ಇಲ್ಲದ ದಿನ ಬಿಟ್ಟು, ಕಡಿಮೆಯೆಂದರೂ 1,200 ಸಂಜೆ ಕೇಳಿದ್ದೇವೆ. ಸಂಜೆಗೆ ಐದೂವರೆ ರೂಪಾಯಿ! ಇಬ್ಬರಿಗೆ ಸೇರಿ!

ಗೆಳೆಯನದು? 13,000ದ ಸ್ಪೀಕರು. ಗೀಚು ಬೀಳಬಾರದೆಂದು ಡಬ್ಬಿಯಲ್ಲೇ ಇಡುತ್ತಿದ್ದ. ಗಣಪತಿ ಹಬ್ಬ, ಹುಟ್ಟುಹಬ್ಬ ಎಂದು ಮೂರು ವರ್ಷದಲ್ಲಿ ನಲವತ್ತು ಸಲ ತೆಗೆದಿರಬಹುದು. ಲಿಥಿಯಂ ಬ್ಯಾಟರಿ ಎಂಬುದು ಸುಮ್ಮನೆ ಇಟ್ಟರೂ ಮುದಿಯಾಗುತ್ತದೆ. ಚಾರ್ಜು ಪೂರ್ತಿ ಇಳಿಸಿ ತಿಂಗಳುಗಟ್ಟಲೆ ಇಟ್ಟರಂತೂ ಬೇಗ ಸಾಯುತ್ತದೆ. ಅವನದು ಸತ್ತಿತು. ಡಬ್ಬಿ, ಬಿಲ್ಲು ಎಲ್ಲ ಸಮೇತ 2,000ಕ್ಕೆ ಹೋಯಿತು. 11,000 ನಷ್ಟ, ನಲವತ್ತು ಸಲ. ಸಲಕ್ಕೆ 275 ರೂಪಾಯಿ! ತಪ್ಪು ಸ್ಪೀಕರಿನದಲ್ಲ ಮತ್ತೆ. ದಿನಾ ಹಚ್ಚಿದ್ದರೆ ಅದೂ ಅಗ್ಗವೇ ಬೀಳುತ್ತಿತ್ತು.

ಇನ್ನು ದೊಡ್ಡಪ್ಪನದು. ವರ್ಷಕ್ಕೆ ಮೂರು ಸಲದಂತೆ ಇಪ್ಪತ್ನಾಲ್ಕು ವರ್ಷಕ್ಕೆ ಎಪ್ಪತ್ತೆರಡು ಸಲ. 1,800ನ್ನು ಭಾಗಿಸಿದರೆ ಸಲಕ್ಕೆ ಇಪ್ಪತ್ತೈದು ರೂಪಾಯಿ. 1988ರ ಇಪ್ಪತ್ತೈದು!

ಲೆಕ್ಕದ ಗುಟ್ಟು ಇಷ್ಟೇ. ಮಾರಿದರೆ ಎಷ್ಟು ಬರುತ್ತದೆ ಎನ್ನುವುದು ಅರ್ಧ ಲೆಕ್ಕ. ಕಳೆದುಕೊಂಡ ದುಡ್ಡನ್ನು ಇಟ್ಟುಕೊಂಡ ದಿನಗಳಿಂದ ಅಲ್ಲ, ಕೇಳಿದ ದಿನಗಳಿಂದ ಭಾಗಿಸಬೇಕು. ಆಗ ಗೊತ್ತಾಗುತ್ತದೆ, ಯಾವುದು ತುಟ್ಟಿ ಯಾವುದು ಅಗ್ಗ ಎಂದು.

ನಮ್ಮ ಜಿಲ್ಲೆಯವರೇ ಆದ ಶಂಕರ್ ನಾಗ್ ನೆನಪಾಗುತ್ತಾರೆ. ಕನ್ನಡ ಚಿತ್ರದವರು ಹಾಡು-ಮಾತಿನ ಮುದ್ರಣಕ್ಕೆ ಮದ್ರಾಸಿಗೆ ಓಡುತ್ತಿದ್ದ ಕಾಲದಲ್ಲಿ ಬೆಂಗಳೂರಿನಲ್ಲೇ ಸಂಕೇತ್ ಎಲೆಕ್ಟ್ರಾನಿಕ್ಸ್ ಎಂಬ ಸ್ಟುಡಿಯೋ ಕಟ್ಟಿದವರು. ಮೆಷೀನು ಮುಂದೆ ಎಷ್ಟಕ್ಕೆ ಹೋಗುತ್ತದೆ ಎಂದು ಕೂತಿದ್ದರೆ ಅದು ಏಳುತ್ತಿತ್ತೇ? 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೈದೇ ವರ್ಷ. ಕಾದು ಕೂತಿದ್ದರೆ ಯಾವ ಕೆಲಸ ಆಗುತ್ತಿತ್ತು ಹೇಳಿ.

ಕೊಳ್ಳುವವರಿಗೆ ನಾಲ್ಕು ಮಾತು

ರೀಸೇಲ್ ಲೆಕ್ಕ ಬೇಡವೇ ಹಾಗಾದರೆ? ಬೇಕು. ಕೊಳ್ಳುವ ದಿನ, ಒಂದೇ ಸಲ. ಅನುಭವದಿಂದ ಕಲಿತದ್ದು ಹೇಳುತ್ತೇನೆ.

ಹೊಸ ಸಾಮಾನಿನ ಬೆಲೆ ಬೀಳುವುದು ಮೊದಲ ಒಂದೆರಡು ವರ್ಷದಲ್ಲೇ ಹೆಚ್ಚು. ಸೆಕೆಂಡ್ ಹ್ಯಾಂಡ್ ಕೊಂಡರೆ ಆ ಪೆಟ್ಟನ್ನು ಬೇರೆಯವರು ತಿಂದಿರುತ್ತಾರೆ. ಆಮೇಲೆ ಬೀಳುವುದು ನಿಧಾನ.

ರಿಪೇರಿ ಆಗುವ ಸಾಮಾನು ನೋಡಿ. ಬಿಚ್ಚಲು ಸ್ಕ್ರೂ ಇರಬೇಕು, ಒಳಗಿನ ಪಾರ್ಟು ಹುಬ್ಬಳ್ಳಿಯಲ್ಲೋ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಸಿಗಬೇಕು. ರಿಪೇರಿ ಆಗುವುದಕ್ಕೇ ಮಾರುವಾಗಲೂ ಬೆಲೆ.

ಕೊಳ್ಳುವಾಗ ಅವಸರ ಮಾಡಬೇಡಿ. ಅರ್ಧ ಗಂಟೆ ಹಚ್ಚಿಡಿ, ಹೆಚ್ಚು ಬಿಸಿಯಾಗುತ್ತದೇನೋ ನೋಡಿ. ಎಲ್ಲ ತಿರುಪುಗಳನ್ನೂ ತಿರುವಿ, ಗರಗರ ಎಂದರೆ ಚೌಕಾಸಿಗೆ ಅದೇ ದಾರಿ. ಸ್ಪೀಕರಿನ ಜಾಲರಿ ತೆಗೆಸಿ ಅಂಚಿನ ಫೋಮನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಪುಡಿ ಉದುರಿದರೆ ಖರ್ಚಿದೆ ಎಂದು ತಿಳಿಯಿರಿ. ಹಳೆಯ ಒಂದೇ ಚಾನೆಲ್ಲಿನ ಹಾಡು ಹಾಕಿ. ಗಾಯಕ ನಟ್ಟನಡುವೆ ನಿಲ್ಲದಿದ್ದರೆ ಎರಡರಲ್ಲಿ ಒಂದು ಕಡೆ ಏನೋ ಸರಿಯಿಲ್ಲ.

ಕೊನೆಯದು. ಬಿಲ್ಲು, ರಿಪೇರಿ ಚೀಟಿ ಇಟ್ಟುಕೊಳ್ಳಿ, ದೂಳು ಒರೆಸಿ, ಮಳೆಗಾಲದಲ್ಲಿ ದಿನಾ ಹಚ್ಚಿ. ಒಳಗಿನ ಬಿಸಿಗೆ ತಂಪು ಹಿಡಿಯುವುದಿಲ್ಲ. ರಬ್ಬರು, ಫೋಮು, ಬ್ಯಾಟರಿ, ಕೆಪಾಸಿಟರು, ಇವು ಯಾವುವೂ ನೀವು ಹೊದಿಕೆ ಹಾಕಿದಿರೆಂದು ವಯಸ್ಸಾಗುವುದನ್ನು ನಿಲ್ಲಿಸುವುದಿಲ್ಲ.

ಮೂರು ಸಂಜೆ

ಇಷ್ಟೆಲ್ಲ ಬುದ್ಧಿ ಹೇಳಿದವನು ಮಾಡಿದ್ದೇನು ಗೊತ್ತೇ? ಹೇಳಲು ನಾಚಿಕೆ. ಆದರೂ ಹೇಳದಿದ್ದರೆ ಈ ಲೇಖನ ಸುಳ್ಳಾಗುತ್ತದೆ.

ಗಿರಾಕಿ ಮಾತು ಕೊಟ್ಟು, "ನಾಲ್ಕನೇ ದಿನ ಬಂದು ಒಯ್ತೀನಿ" ಎಂದ. ಆ ಗಳಿಗೆಯಿಂದ ನನ್ನೊಳಗೆ ದೊಡ್ಡಪ್ಪ ಎದ್ದು ಕೂತರು, 1988ರ ದೊಡ್ಡಪ್ಪ! ಈಗ ಹಚ್ಚಿ ಏನಾದರೂ ಸುಟ್ಟರೆ? ವೋಲ್ಟೇಜು ಏರುಪೇರಾದರೆ? ಆರು ಸಾವಿರ ಹೋದರೆ ಅವ್ವನ ಗತಿ? ಸೆಟ್ಟನ್ನು ಚೆನ್ನಾಗಿ ಒರೆಸಿದೆ. ಪ್ಲಗ್ಗು ಕಿತ್ತೆ. ಮೊಳೆಯ ಮೇಲಿದ್ದ ಕಸೂತಿ ಹೊದಿಕೆಯನ್ನು ತೆಗೆದು ಮೇಲೆ ಹೊದಿಸಿದೆ.

ಏಳು ಗಂಟೆಗೆ ಚಪ್ಪಲಿ ಸದ್ದಾಯಿತು. ದೊಡ್ಡಪ್ಪ ಒಳಗೆ ಬಂದು ಹೊದಿಕೆ ನೋಡಿದರು. ನನ್ನನ್ನು ನೋಡಿದರು. ಒಂದು ಮಾತೂ ಕೇಳಲಿಲ್ಲ. ಸ್ವಲ್ಪ ಹೊತ್ತು ಆ ಖಾಲಿ ಗೋಡೆ ನೋಡುತ್ತ ಕೂತು, "ಅವ್ವಗ ಹುಷಾರ್ ಮಾಡು" ಎಂದು ಎದ್ದು ಹೋದರು. ಮರುದಿನವೂ ಬಂದರು, ಅದರ ಮರುದಿನವೂ ಬಂದರು. ಮೂರು ಸಂಜೆಯೂ ಹೊದಿಕೆ ಎತ್ತಲಿಲ್ಲ ನಾನು. ನಾಲ್ಕನೆಯ ದಿನ ಗಿರಾಕಿ ಬಂದು, ಐದು ನಿಮಿಷ ಹಚ್ಚಿ ನೋಡಿ, ದುಡ್ಡು ಎಣಿಸಿ ಒಯ್ದ.

ಅವ್ವ ಗುಣವಾದಳು. ಮುಂದಿನ ವರ್ಷ ಬೇಸಿಗೆಯಲ್ಲಿ ದೊಡ್ಡಪ್ಪ ತೀರಿಕೊಂಡರು. ವಯಸ್ಸಾಗಿತ್ತು, ನಿದ್ದೆಯಲ್ಲೇ ಹೋದರು.

ಸೆಟ್ಟು ಮಾರಿದ್ದಕ್ಕೆ ನನಗೆ ಇಂದಿಗೂ ಬೇಸರವಿಲ್ಲ. ಅವ್ವನಿಗಿಂತ ಹೆಚ್ಚಿನದಾಗಿರಲಿಲ್ಲ ಅದು. ಆದರೆ ಆ ಮೂರು ಸಂಜೆ! ಮೇಲಿನ ಲೆಕ್ಕದ ಪ್ರಕಾರ ಅವುಗಳ ಬೆಲೆ ಹದಿನೇಳು ರೂಪಾಯಿಯೂ ಆಗುವುದಿಲ್ಲ. ಈಗ ಎಷ್ಟು ಕೊಟ್ಟರೆ ವಾಪಸ್ ಸಿಗುತ್ತವೆ?

'ಕಸ್ತೂರಿ ನಿವಾಸ'ದ ನಾಯಕ ಕೊಟ್ಟದ್ದನ್ನು ಎಂದೂ ವಾಪಸ್ ಕೇಳಿದವನಲ್ಲ. ಅದಕ್ಕೇ ಇರಬೇಕು ದೊಡ್ಡಪ್ಪನಿಗೆ ಆ ಚಿತ್ರದ ಮೇಲೆ ಅಷ್ಟು ಪ್ರೀತಿ. ತಮ್ಮ ಸೆಟ್ಟಿನ ವಿಷಯದಲ್ಲಿ ಮಾತ್ರ ಅವರಿಗೂ ಅದು ಆಗಲಿಲ್ಲ, ನನಗೂ ಆಗಲಿಲ್ಲ.

ಈಗ ಮತ್ತೆ ದುಡ್ಡು ಕೂಡಿಸುತ್ತಿದ್ದೇನೆ. ಒಂಬತ್ತು ಸಾವಿರ ಆಗಿದೆ, ಎರಡು ಲೇಖನದ ಸಂಭಾವನೆ ಬರುವುದಿದೆ. ಹುಬ್ಬಳ್ಳಿಯ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ, ಹಳೆಯದೇ ಒಂದು ನೋಡಿ ಎಂದು. ಹೊದಿಕೆ ಮೊಳೆಯ ಮೇಲೇ ಇದೆ. ದೂಳು ಒರೆಸಲಿಕ್ಕೆ.

ತಂದ ದಿನ ಊರವರು ಬರುತ್ತಾರೆ, ಗೊತ್ತು. "ಎಷ್ಟು ಕೊಟ್ಟಿ?" ಎನ್ನುತ್ತಾರೆ. ಹೇಳುತ್ತೇನೆ. "ಮಾರಿದ್ರ ಎಷ್ಟು ಬರ್ತೈತಿ?" ಎನ್ನುತ್ತಾರೆ. "ಕೂಡ್ರಿ, ಮೊದ್ಲ ಒಂದು ಹಾಡು ಕೇಳ್ರಿ" ಎನ್ನುತ್ತೇನೆ.

ಬಸ್ಸು ತಪ್ಪಿದರೆ ತಪ್ಪಲಿ.